ವೈದ್ಯಕೀಯ ಪದಮೂಲಗಳ ಕಲಿಕೆ

ವೈದ್ಯಶಾಸ್ತ್ರದ ಪಾರಿಭಾಷಿಕ ಪದಗಳನ್ನು ಗ್ರೀಕ್ ಮತ್ತು ಲ್ಯಾಟಿನ್ ಧಾತು, ಉಪಸರ್ಗ, ಪ್ರತ್ಯಯಗಳಾಗಿ ಬಿಡಿಸಿ ಅರ್ಥ ಮಾಡಿಕೊಳ್ಳುವ ಕ್ರಮ. ಎಂಬಿಬಿಎಸ್, ನರ್ಸಿಂಗ್, ಫಾರ್ಮಸಿ ಓದುವವರಿಗೆ ಇದು ಮೊದಲ ವರ್ಷದಲ್ಲೇ ಎದುರಾಗುತ್ತದೆ. ಆದರೆ ಇದು ಪ್ರತ್ಯೇಕ ಪಾಠವಾದದ್ದು ಇಪ್ಪತ್ತನೆಯ ಶತಮಾನದಲ್ಲಿ. ಅದಕ್ಕೂ ಮೊದಲು ಯೂರೋಪಿನಲ್ಲಿ ವೈದ್ಯವಿದ್ಯೆಗೆ ಬರುವವನು ಆ ಎರಡು ಭಾಷೆಗಳನ್ನು ಶಾಲೆಯಲ್ಲೇ ಕಲಿತು ಬರುತ್ತಿದ್ದ.

ಈ ಪದಗಳ ಮೊದಲ ಪದರ ಕ್ರಿ.ಪೂ. ಐದು ಮತ್ತು ನಾಲ್ಕನೆಯ ಶತಮಾನಗಳ ಹಿಪೊಕ್ರಾಟಿಸ್ ಪರಂಪರೆಯ ಗ್ರೀಕ್ ಗ್ರಂಥಗಳದು. ಅಲ್ಲಿಯ ಹೆಸರುಗಳು ಹೆಚ್ಚಾಗಿ ಕಣ್ಣಿಗೆ ಕಂಡದ್ದನ್ನು ಹೇಳುತ್ತವೆ. ಅರ್ಬುದಕ್ಕೆ ಅವರಿಟ್ಟ ಹೆಸರು ಕಾರ್ಕಿನೋಸ್, ಅಂದರೆ ಏಡಿ. ಸಂಸ್ಕೃತದಂತೆ ಗ್ರೀಕ್ ಭಾಷೆಯೂ ಸಲೀಸಾಗಿ ಸಮಾಸ ಕಟ್ಟುತ್ತದೆ. ಲ್ಯಾಟಿನ್‌ಗೆ ಆ ಸಲೀಸು ಇಲ್ಲ. ಕ್ರಿ.ಶ. ಮೊದಲ ಶತಮಾನದ ಸೆಲ್ಸಸ್ ಎಂಟು ಭಾಗಗಳಲ್ಲಿ ಲ್ಯಾಟಿನ್ ವೈದ್ಯಗ್ರಂಥ ಬರೆದಾಗ, ಎಷ್ಟೋ ಕಡೆ ಗ್ರೀಕ್ ಪದವನ್ನೇ ಎತ್ತಿಕೊಂಡ. ವೈದ್ಯ ಗೇಲನ್ ರೋಮ್‌ನಲ್ಲಿ ಕುಳಿತು ಗ್ರೀಕ್‌ನಲ್ಲೇ ಬರೆದ. ಒಂಬತ್ತನೆಯ ಶತಮಾನದ ಬಾಗ್ದಾದಿನಲ್ಲಿ ಹುನೈನ್ ಇಬ್ನ್ ಇಸ್‌ಹಾಕ್ ಗೇಲನ್ನನ ಗ್ರಂಥಗಳನ್ನು ಸಿರಿಯಾಕ್ ಮತ್ತು ಅರಬ್ಬಿಗೆ ತಂದ. ಮುಂದೆ ಅರಬ್ಬಿಯಿಂದ ಅವು ಲ್ಯಾಟಿನ್‌ಗೆ ಹೋದವು. ಮಿದುಳಿನ ಹೊದಿಕೆಯನ್ನು ಅರಬ್ಬರು ತಾಯಿ ಎಂದು ಕರೆದಿದ್ದರು. ಲ್ಯಾಟಿನ್ ಅನುವಾದಕರು ಅದನ್ನು ಹಾಗೇ ಉಳಿಸಿಕೊಂಡದ್ದರಿಂದ ಡ್ಯೂರಾ ಮೇಟರ್, ಪಯಾ ಮೇಟರ್ ಎಂಬ ಹೆಸರುಗಳು ನಿಂತವು. 1543ರಲ್ಲಿ ವೆಸೇಲಿಯಸ್‌ನ ಅಂಗರಚನಾ ಗ್ರಂಥ ಬಾಸೆಲ್‌ನಲ್ಲಿ ಅಚ್ಚಾದ ಮೇಲೆ ಅಂಗಗಳ ಹೆಸರಿಗೆ ಲ್ಯಾಟಿನ್ನೇ ಗಟ್ಟಿಯಾಯಿತು. ರೋಗ ಮತ್ತು ಶಸ್ತ್ರಕ್ರಿಯೆಗಳ ಹೆಸರು ಬಹುಪಾಲು ಗ್ರೀಕ್‌ನಲ್ಲೇ ಉಳಿದವು. ಮೂತ್ರಪಿಂಡದ ಅಪಧಮನಿ ರೀನಲ್ ಆದರೆ ಅದೇ ಮೂತ್ರಪಿಂಡದ ರೋಗ ನೆಫ್ರೈಟಿಸ್. ಒಂದೇ ಅಂಗಕ್ಕೆ ಎರಡು ಧಾತು ಯಾಕೆ ಎಂದು ವಿದ್ಯಾರ್ಥಿಗಳು ಪೇಚಾಡುವುದಕ್ಕೆ ಉತ್ತರ ಈ ಇಬ್ಭಾಗದಲ್ಲಿದೆ.

ಪ್ರತ್ಯಯಗಳ ಪೈಕಿ ಹೆಚ್ಚು ಬೆಳೆದದ್ದು 'ಐಟಿಸ್'. ಗ್ರೀಕ್‌ನಲ್ಲಿ ಅದಕ್ಕೆ 'ಸಂಬಂಧಪಟ್ಟ' ಎಂಬಷ್ಟೇ ಅರ್ಥ. 'ನೋಸೋಸ್', ಅಂದರೆ ರೋಗ, ಎಂಬ ಸ್ತ್ರೀಲಿಂಗ ಪದಕ್ಕೆ ವಿಶೇಷಣವಾಗಿ ಬರುತ್ತಿತ್ತು. ನೆಫ್ರೈಟಿಸ್ ಎಂದರೆ ಮೂತ್ರಪಿಂಡದ ರೋಗ, ಆರ್ಥ್ರೈಟಿಸ್ ಎಂದರೆ ಕೀಲಿನ ರೋಗ. ಅದು ಉರಿಯೂತ ಎಂಬ ಅರ್ಥಕ್ಕೆ ಕಟ್ಟುಬಿದ್ದದ್ದು ಬಹಳ ತಡವಾಗಿ, ಹದಿನೆಂಟನೆಯ ಶತಮಾನದ ಕೊನೆಯ ಹೊತ್ತಿಗೆ. ಆಮೇಲೆ ತಡೆಯಿರಲಿಲ್ಲ. 1808ರಲ್ಲಿ ಚಾರ್ಲ್ಸ್ ಬ್ಯಾಡಮ್ ಬ್ರಾಂಕೈಟಿಸ್ ಎಂಬ ಪದ ತಂದ. 1886ರಲ್ಲಿ ಬಾಸ್ಟನ್ನಿನ ರೆಜಿನಾಲ್ಡ್ ಫಿಟ್ಜ್ ಅಪೆಂಡಿಸೈಟಿಸ್ ಎಂಬ ಹೆಸರನ್ನು ಬಳಕೆಗೆ ತಂದಾಗ ಭಾಷಾಪಂಡಿತರು ಮುನಿದರು. ಲ್ಯಾಟಿನ್ ಪದಕ್ಕೆ ಗ್ರೀಕ್ ಪ್ರತ್ಯಯ ಅಂಟಿಸಬಹುದೇ? ಕನ್ನಡ ಓದುಗರಿಗೆ ಈ ತಕರಾರು ಹೊಸದಲ್ಲ, ಇದು ನಮ್ಮ ಅರಿಸಮಾಸದ ತಕರಾರೇ. ವ್ಯಾಕರಣಕಾರ ಕೇಶಿರಾಜ ಕೂಡ ಸಂಸ್ಕೃತ ಮತ್ತು ಕನ್ನಡ ಪದಗಳನ್ನು ಬೆರೆಸಿದ ಸಮಾಸವನ್ನು ದೋಷವೆಂದು ಎಣಿಸಿ, ಬಿರುದುಗಳಿಗೂ ಹಿಂದಿನ ಕವಿಗಳ ಪ್ರಯೋಗಕ್ಕೂ ವಿನಾಯಿತಿ ಕೊಟ್ಟವನು. ಆಕ್ಸ್‌ಫರ್ಡ್ ಇಂಗ್ಲಿಷ್ ನಿಘಂಟಿನ ಮೊದಲ ಸಂಪುಟದಲ್ಲಿ ಅಪೆಂಡಿಸೈಟಿಸ್ ಇರಲಿಲ್ಲ. 1902ರ ಜೂನ್‌ನಲ್ಲಿ ಏಳನೆಯ ಎಡ್ವರ್ಡ್ ದೊರೆಗೆ ಅದೇ ಕಾಯಿಲೆ ಬಂದು ಪಟ್ಟಾಭಿಷೇಕ ಮುಂದೆ ಹೋದಾಗ ಊರಿಗೆಲ್ಲ ಗೊತ್ತಾದ ಪದ ನಿಘಂಟಿನಲ್ಲಿ ಮಾತ್ರ ಸಿಗದಾಯಿತು. ಪಂಡಿತರು ಬೇಡವೆಂದರೂ ಬಳಕೆಯೇ ಗೆದ್ದಿತು. ವೈದ್ಯಭಾಷೆಯಲ್ಲಿ ಹಾಗಾಗಿದ್ದು ಇದೊಂದೇ ಸಲವಲ್ಲ.

ಅಷ್ಟರಲ್ಲಿ ಹೆಸರುಗಳ ಗೊಂದಲವೂ ಮಿತಿಮೀರಿತ್ತು. ದೇಶದೇಶದ ಪಠ್ಯಗಳನ್ನು ಸೇರಿಸಿದರೆ ಅಂಗರಚನೆಯಲ್ಲೇ ಸುಮಾರು 50,000 ಹೆಸರುಗಳಿದ್ದವು. 1895ರಲ್ಲಿ ಬಾಸೆಲ್‌ನಲ್ಲಿ ಒಪ್ಪಿದ ಲ್ಯಾಟಿನ್ ಪಟ್ಟಿ ಅವನ್ನು ಸುಮಾರು 5,000ಕ್ಕೆ ಇಳಿಸಿತು. ಅದರ ಪರಿಷ್ಕರಣೆಗಳು 1955ರಲ್ಲಿ ಪ್ಯಾರಿಸ್‌ನಲ್ಲಿಯೂ, 'ಟರ್ಮಿನೊಲಾಜಿಯಾ ಅನಾಟಾಮಿಕಾ' ಎಂಬ ಹೆಸರಿನಲ್ಲಿ 1998ರಲ್ಲಿಯೂ ಬಂದವು.

ಪಾಠವಾಗಿ ಪದಮೂಲ ಹುಟ್ಟಿದ್ದು ಶಾಲೆಗಳಲ್ಲಿ ಗ್ರೀಕ್, ಲ್ಯಾಟಿನ್ ಕ್ಷೀಣಿಸಿದಂತೆ. ಎಡಿನ್‌ಬರೋದಲ್ಲಿ ವೈದ್ಯಪದವಿಯ ಪ್ರಬಂಧಗಳನ್ನು 1830ರ ದಶಕದವರೆಗೂ ಲ್ಯಾಟಿನ್‌ನಲ್ಲೇ ಬರೆಯಬೇಕಿತ್ತು. 1960ರ ಹೊತ್ತಿಗೆ ಆಕ್ಸ್‌ಫರ್ಡ್, ಕೇಂಬ್ರಿಜ್‌ಗಳೂ ಪ್ರವೇಶಕ್ಕೆ ಲ್ಯಾಟಿನ್ ಕಡ್ಡಾಯವೆಂಬ ನಿಯಮ ಕೈಬಿಟ್ಟವು. ಭಾಷೆ ಹೋಯಿತು, ಪದಗಳು ಉಳಿದವು. ಆ ತೆರವನ್ನು ಮೊದಲು ತುಂಬಿದ್ದು 1900ರ ಡಾರ್ಲೆಂಡ್‌ನಂಥ ನಿಘಂಟುಗಳು, ಆಮೇಲೆ ಸ್ವಯಂಪಾಠದ ಪುಸ್ತಕಗಳು. 1963ರಲ್ಲಿ ಜೆನೆವೀವ್ ಸ್ಮಿತ್ ಮತ್ತು ಫಿಲಿಸ್ ಡೇವಿಸ್ ಬರೆದ ಪಠ್ಯ ಅಮೆರಿಕದಲ್ಲಿ ಹೆಸರಾಯಿತು. ಮನಶ್ಶಾಸ್ತ್ರಜ್ಞ ಬಿ. ಎಫ್. ಸ್ಕಿನ್ನರ್ ಪ್ರಚಾರಕ್ಕೆ ತಂದಿದ್ದ ಕ್ರಮ ಅದು: ಒಂದು ಸಣ್ಣ ವಾಕ್ಯ, ಅದರಲ್ಲೊಂದು ಬಿಟ್ಟ ಸ್ಥಳ, ಓದುಗ ತುಂಬಬೇಕು, ಪಕ್ಕದ ಉತ್ತರದೊಂದಿಗೆ ತಾಳೆ ನೋಡಿ ಮುಂದಕ್ಕೆ ಹೋಗಬೇಕು. ಉಪನ್ಯಾಸಕರಿಲ್ಲದೆ ಕಲಿಯುವ ಈ ದಾರಿ ಆಸ್ಪತ್ರೆಯ ಗುಮಾಸ್ತರಿಗೂ ತಂತ್ರಜ್ಞರಿಗೂ ಬಾಗಿಲು ತೆರೆಯಿತು. ಇದು ಈ ಚರಿತ್ರೆಯ ಅತಿ ಮುಖ್ಯ ತಿರುವು. ಪಂಡಿತರ ಸೊತ್ತಾಗಿದ್ದದ್ದು ಕೆಲಸಗಾರರ ಕೈಗೂ ಬಂತು. 1976ರಲ್ಲಿ ಡೇವಿ ಎಲೆನ್ ಚಾಬ್ನರ್ ಅವರ ಪಠ್ಯ ಬಂದು, ಹತ್ತಾರು ವರ್ಷ ತರಗತಿಗಳಲ್ಲಿ ನಿಂತಿತು.

ಪದ ಬಿಡಿಸುವ ಕ್ರಮಕ್ಕೆ ಕೋಲಿಸಿಸ್ಟೆಕ್ಟಮಿ ಒಳ್ಳೆಯ ಉದಾಹರಣೆ. ಕೋಲೆ ಎಂದರೆ ಪಿತ್ತ, ಕಿಸ್ಟಿಸ್ ಎಂದರೆ ಚೀಲ, ಎಕ್ಟೊಮೆ ಎಂದರೆ ಕತ್ತರಿಸಿ ಹೊರತೆಗೆಯುವುದು. ಕೊನೆಯ ತುಂಡು 'ಟಮಿ' ಆದರೆ ಬರೀ ಕೊಯ್ಯುವುದು, 'ಸ್ಟಮಿ' ಆದರೆ ಬಾಯಿ ತೆರೆದು ಬಿಡುವುದು. ರೋಗಿಯ ಪಿತ್ತಕೋಶ ಉಳಿಯುತ್ತದೋ ಇಲ್ಲವೋ ಎಂಬುದು ಆ ಕೊನೆಯ ತುಂಡಿನ ಮೇಲಿದೆ. ಧಾತುಗಳ ನಡುವೆ ಬರುವ 'ಓ' ಸ್ವರ ಮುಂದೆ ಸ್ವರವಿದ್ದರೆ ಬಿದ್ದುಹೋಗುತ್ತದೆ: ಗ್ಯಾಸ್ಟ್ರೋಸ್ಕೋಪಿಯಲ್ಲಿ ಇದೆ, ಗ್ಯಾಸ್ಟ್ರೈಟಿಸ್‌ನಲ್ಲಿ ಇಲ್ಲ. ಲೋಪಸಂಧಿ ಓದಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಹೈಪೊಕಲೀಮಿಯ ಎಂಬ ಪದದಲ್ಲಿ ನಡುವಿನ 'ಕಲ್' ಅರಬ್ಬಿಯ 'ಅಲ್ ಕಲಿ'ಯಿಂದ ಬಂದದ್ದು, ಹಿಂದುಮುಂದಿನವು ಗ್ರೀಕ್. ಒಟ್ಟರ್ಥ ರಕ್ತದಲ್ಲಿ ಪೊಟ್ಯಾಸಿಯಂ ಕಡಿಮೆ ಎಂದು.

ಆದರೆ ಮೂಲ ಹೇಳುವುದು ಹೆಸರಿಟ್ಟವರ ನಂಬಿಕೆಯನ್ನು, ಇಂದಿನ ಶಾಸ್ತ್ರವನ್ನಲ್ಲ. ಆರ್ಟರಿ ಎಂಬ ಹೆಸರು ಮೊದಲು ಶ್ವಾಸನಾಳಕ್ಕೂ ಇತ್ತು. ಅಪಧಮನಿಯಲ್ಲಿ ಗಾಳಿ ಹರಿಯುತ್ತದೆಂದು ಹಲವು ಗ್ರೀಕ್ ವೈದ್ಯರು ತಿಳಿದಿದ್ದರು. ಮಲೇರಿಯ ಎಂದರೆ ಇಟಾಲಿಯನ್‌ನಲ್ಲಿ ಕೆಟ್ಟ ಗಾಳಿ. ಹಿಸ್ಟೀರಿಯ ಗರ್ಭಕೋಶದ ಹೆಸರಿನಿಂದ ಹುಟ್ಟಿ ಹೆಂಗಸರ ತಲೆಗೆ ಶತಮಾನಗಳ ಕಾಲ ಅನ್ಯಾಯದ ಹೊರೆ ಹೊರಿಸಿತು. ಮೂಲ ಕಲಿಸುವವರು ಈ ಕಥೆಯನ್ನೂ ಹೇಳಲೇಬೇಕು.

ಕರ್ನಾಟಕದಲ್ಲಿ 1924ರಲ್ಲಿ ಆರಂಭವಾದ ಮೈಸೂರು ಮೆಡಿಕಲ್ ಕಾಲೇಜಿನ ಕಾಲದಿಂದಲೂ ಪಾಠ ಇಂಗ್ಲಿಷಿನದೇ. ಕನ್ನಡ ಓದುಗರಿಗಾಗಿ ವೈದ್ಯಪದಗಳ ಹುಟ್ಟು ಮತ್ತು ರಚನೆಯನ್ನು ಬಿಡಿಸಿ ಬರೆದವರಲ್ಲಿ ಡಾ. ಡಿ. ಎಸ್. ಶಿವಪ್ಪ ಪ್ರಮುಖರು. 1990ರ ದಶಕದ ಕೊನೆಯಲ್ಲಿ ಬೆಂಗಳೂರಿಗೆ ಮೆಡಿಕಲ್ ಟ್ರಾನ್ಸ್‌ಕ್ರಿಪ್ಷನ್ ಕೆಲಸ ಬಂದಾಗ, ವೈದ್ಯವಿದ್ಯೆ ಓದದ ಪದವೀಧರರೂ ಅಮೆರಿಕದ ವೈದ್ಯರ ಧ್ವನಿ ಕೇಳಿ ಟೈಪ್ ಮಾಡಲು ಧಾತುಗಳನ್ನು ಉರುಹೊಡೆದರು. ಕಿವಿಗೆ ಒಂದೇ ಆಗಿ ಕೇಳುವ ಎರಡು 'ಇಲಿಯಮ್'ಗಳು ಅವರನ್ನು ಕಾಡಿದವು: ಒಂದು ಸಣ್ಣ ಕರುಳಿನ ಕೊನೆಯ ಭಾಗ, ಇನ್ನೊಂದು ಸೊಂಟದ ಮೂಳೆ. ಇಂಗ್ಲಿಷಿನಲ್ಲಿ ಅವನ್ನು ಒಂದು ಅಕ್ಷರ ಬೇರೆ ಮಾಡುತ್ತದೆ. ಕನ್ನಡ ಲಿಪಿಯಲ್ಲಿ ಬರೆದರೆ ಆ ಭೇದವೂ ಅಳಿಸಿಹೋಗುವುದರಿಂದ, ಕನ್ನಡದ ವೈದ್ಯಬರಹಕ್ಕೆ ಇಂಥ ಕಡೆ ಎರವಲು ಪದ ಸಾಲುವುದಿಲ್ಲ. ಕರುಳು, ಮೂಳೆ ಎಂದು ಬಿಡಿಸಿಯೇ ಹೇಳಬೇಕಾಗುತ್ತದೆ.