ಕುಡಿತ ಮತ್ತು ಸ್ನಾಯು: ತಡವಾಗಿ ಸೇರಿದ ಹೆಣ್ಣಿನ ಲೆಕ್ಕ

ಕುಡಿದರೆ ಲಿವರ್ ಹೋಗುತ್ತದೆ ಎಂಬುದು ಚಾಮರಾಜನಗರದಿಂದ ಗುಂಡ್ಲುಪೇಟೆವರೆಗೆ ಯಾರನ್ನು ಕೇಳಿದರೂ ಸಿಗುವ ಉತ್ತರ. ತೋಳು, ತೊಡೆಗಳ ಸ್ನಾಯುವೂ ಸವೆಯುತ್ತದೆ ಎಂಬುದು ಮಾತಿಗೆ ಬರುವುದು ಅಪರೂಪ. ಕುದೇರಿನ ಆಸುಪಾಸಿನಲ್ಲಿ ಕಬ್ಬಿನ ಹೊರೆ ಎತ್ತಿ, ಅರಿಶಿನ ಅಗೆದು ಬದುಕುವವರಿಗೆ ರಟ್ಟೆಯ ಬಲವೇ ಬಂಡವಾಳ. ಅದು ಕುಂದಿದರೆ ವಯಸ್ಸಾಯಿತು, ನರ ದೌರ್ಬಲ್ಯ ಎಂದು ಸುಮ್ಮನಾಗುವವರೇ ಹೆಚ್ಚು.

ವೈದ್ಯಶಾಸ್ತ್ರವೂ ನರ, ಸ್ನಾಯುಗಳನ್ನು ಬೇರ್ಪಡಿಸಿ ನೋಡಲು ಬಹುಕಾಲ ತೆಗೆದುಕೊಂಡಿತು. ಕುಡುಕರ ಕೈಕಾಲು ಸೋಲುವುದನ್ನು ಬಾಸ್ಟನ್ನಿನ ಜೇಮ್ಸ್ ಜಾಕ್ಸನ್ 1822ರಲ್ಲೇ ವರ್ಣಿಸಿದ್ದರು. ವಿಪರೀತ ಕುಡಿತದ ನಂತರ ಸ್ನಾಯು ಒಡೆದು ಮೂತ್ರ ಕಪ್ಪಾಗುವುದನ್ನು ಸ್ವೀಡನ್ನಿನ ವೈದ್ಯರು 1955ರಲ್ಲಿ ವರದಿ ಮಾಡಿದರು. ಆದರೂ ತಪ್ಪು ಮದ್ಯದ್ದೋ, ಊಟ ಬಿಟ್ಟದ್ದೋ ಎಂಬ ಪ್ರಶ್ನೆ ಉಳಿದೇ ಇತ್ತು. ಒಳ್ಳೆಯ ಆಹಾರದ ಜೊತೆಗೇ ಮದ್ಯ ಕೊಟ್ಟಾಗಲೂ ಸ್ನಾಯುವಿಗೆ ಪೆಟ್ಟು ಬೀಳುತ್ತದೆಂದು ರೂಬಿನ್ ಮತ್ತು ಸಂಗಡಿಗರು 1976ರಲ್ಲಿ ತೋರಿಸಿದರು.

1980ರ ದಶಕದಲ್ಲಿ ಲಂಡನ್ನಿನ ಪೀಟರ್ಸ್, ಪ್ರೀಡಿ ಮುಂತಾದವರು ಹಾನಿಯ ಜಾಗವನ್ನು ಗುರುತಿಸಿದರು. ತೆಳುವಾಗುವುದು ಮುಖ್ಯವಾಗಿ ಎರಡನೇ ಬಗೆಯ ಎಳೆಗಳು, ಅಂದರೆ ದಿಢೀರ್ ಬಲ ಕೊಡುವಂಥವು. ಕುಕ್ಕರಗಾಲಲ್ಲಿ ಕೂತವರು ನೆಲಕ್ಕೆ ಕೈ ಊರದೆ ಏಳಲಾರದೆ ಹೋಗುವುದಕ್ಕೆ ಇದೇ ಕಾರಣವಾಗಬಹುದು. ಹೊಸ ಪ್ರೋಟೀನ್ ಕಟ್ಟಲು ಜೀವಕೋಶಕ್ಕೆ ಅಪ್ಪಣೆ ಕೊಡುವ 'ಎಂಟಾರ್' ಸಂಕೇತವನ್ನು ಮದ್ಯ ತಗ್ಗಿಸುತ್ತದೆಂದು ಮುಂದೆ ಅಮೆರಿಕದ ಚಾರ್ಲ್ಸ್ ಲ್ಯಾಂಗ್ ಅವರ ತಂಡ ವಿವರಿಸಿತು.

ಬಾರ್ಸಿಲೋನಾದ ಉರ್ಬಾನೊ-ಮಾರ್ಕೆಸ್ ತಂಡ 1989ರಲ್ಲಿ 50 ಮದ್ಯವ್ಯಸನಿಗಳ ಭುಜದ ಸ್ನಾಯುವನ್ನು ಪರೀಕ್ಷಿಸಿದಾಗ 23 ಮಂದಿಯಲ್ಲಿ ರೋಗದ ಗುರುತು ಸಿಕ್ಕಿತು. ಆ 50 ಮಂದಿಯೂ ಗಂಡಸರೇ. ಅದೇ ತಂಡ 1995ರಲ್ಲಿ 50 ಹೆಂಗಸರನ್ನು 100 ಗಂಡಸರ ಜೊತೆ ಹೋಲಿಸಿತು. ಹೆಂಗಸರು ಜೀವಮಾನದಲ್ಲಿ ಕುಡಿದದ್ದು ಗಂಡಸರ ಪ್ರಮಾಣದ ಶೇ. 60ರಷ್ಟು ಮಾತ್ರ, ಸ್ನಾಯುರೋಗ ಮಾತ್ರ ಇಬ್ಬರಲ್ಲೂ ಸಮಸಮ. ಹೆಣ್ಣಿನ ಮೈಯಲ್ಲಿ ನೀರಿನಂಶ ಕಡಿಮೆ. ಮದ್ಯ ಕರಗಿಸುವ ಜಠರದ ಕಿಣ್ವವೂ ಕಡಿಮೆಯೆಂದು 1990ರಲ್ಲಿ ಗೊತ್ತಾಗಿತ್ತು. ಹಾಗಾಗಿ ಅಷ್ಟೇ ಕುಡಿದರೂ ರಕ್ತದಲ್ಲಿ ಏರುವ ಮದ್ಯ ಹೆಚ್ಚು.

ಕಥೆ ಇಲ್ಲಿಗೇ ಮುಗಿಯಲಿಲ್ಲ. ವ್ಯಾಯಾಮದ ನಂತರ ಕುಡಿಸಿ ನೋಡಿದ 2017ರ ಪ್ರಯೋಗವೊಂದರಲ್ಲಿ 'ಎಂಟಾರ್' ಸಂಕೇತ ಕುಗ್ಗಿದ್ದು ಗಂಡಸರಲ್ಲಿ, ಹೆಂಗಸರಲ್ಲಲ್ಲ. ಒಂದು ದಿನದ ಪ್ರಯೋಗವನ್ನು ವರ್ಷಗಟ್ಟಲೆಯ ಕುಡಿತಕ್ಕೆ ಸಮ ಹಿಡಿಯಲಾಗದು, ನಿಜ. ಆದರೆ ರಕ್ತಕ್ಕೆ ಸೇರುವ ಮದ್ಯದ ಅಂತರ ಒಂದು, ಸ್ನಾಯು ಅದಕ್ಕೆ ಸ್ಪಂದಿಸುವ ರೀತಿಯ ಅಂತರ ಇನ್ನೊಂದು. ಇವೆರಡನ್ನೂ ಬಿಡಿಸಿ ನೋಡುವುದೇ ಈಗಿನ ಸಂಶೋಧನೆಯ ಕೆಲಸ.

ಕರ್ನಾಟಕದಲ್ಲಿ 2007ರ ಜುಲೈ 1ರಿಂದ ಸಾರಾಯಿ ನಿಷೇಧವಾಗಿ ಪ್ಯಾಕೆಟ್ಟಿನ ಜಾಗಕ್ಕೆ ಕ್ವಾಟ್ರು ಬಂತು. ಸ್ನಾಯುವಿಗೆ ಬ್ರ್ಯಾಂಡಿನ ಭೇದವಿಲ್ಲ. ಲೆಕ್ಕಕ್ಕೆ ಬರುವುದು ಜೀವಮಾನದ ಒಟ್ಟು ಆಲ್ಕೋಹಾಲ್. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕುಡಿಯುತ್ತೇವೆಂದು ಹೇಳಿದ ರಾಜ್ಯದ ಹೆಂಗಸರು ಶೇ. 1ಕ್ಕೂ ಕಡಿಮೆ. ಕುಡಿಯುವ ಹೆಂಗಸು ಅಪವಾದವೆಂಬ ಭಾವನೆಯಿಂದಲೇ ವೈದ್ಯರು ಕೇಳುವುದಿಲ್ಲ, ಆಕೆ ಹೇಳುವುದಿಲ್ಲ. ದೀರ್ಘಕಾಲದ ಸ್ನಾಯುರೋಗದಲ್ಲಿ, ಸ್ನಾಯುವಿನ ಹಾನಿ ಅಳೆಯುವ ಸಿಪಿಕೆ ರಕ್ತಪರೀಕ್ಷೆ ಅನೇಕ ವೇಳೆ ಸರಿಯಾಗಿಯೇ ಬರುವುದರಿಂದ ಕೇಳದೆ ತಿಳಿಯುವ ದಾರಿಯೂ ಕಡಿಮೆ.

ಕುಡಿತ ಬಿಟ್ಟರೆ ಸ್ನಾಯು ಬಹುಮಟ್ಟಿಗೆ ಚೇತರಿಸಿಕೊಳ್ಳುತ್ತದೆ, ಆದರೆ ಅದಕ್ಕೆ ತಿಂಗಳುಗಳೇ ಬೇಕು. ಮದ್ಯವರ್ಜನ ಶಿಬಿರ ಮುಗಿಸಿ ಬಂದವರಿಗೆ ಮರುವಾರವೇ ಹಳೆಯ ಶಕ್ತಿ ಬಾರದಿದ್ದರೆ ಅದು ಸೋಲಲ್ಲ ಎಂದು ಮೊದಲೇ ತಿಳಿಸಬೇಕು. ಬಲ ಕುಂದಿದೆ ಎಂದು ಬಂದ ಹೆಂಗಸನ್ನೂ ಕುಡಿತದ ಬಗ್ಗೆ ಮುಜುಗರವಿಲ್ಲದೆ ಕೇಳಬೇಕು.