ವಿಜ್ಞಾನದ ತರುಣ ಅಧ್ಯಾಪಕರೂ ಸರಕಾರದ ಆಶ್ರಯವೂ

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ತಾಲೂಕುಗಳ ಭಕ್ತಮಹಾಶಯರು ಮಳೆಯನ್ನೇ ನೆಚ್ಚಿದ ಒಕ್ಕಲುತನದಲ್ಲಿಯೂ ಮಕ್ಕಳ ವಿದ್ಯೆಗೆ ಕೈಹಿಡಿದವರಲ್ಲ. ಆದರೆ ಓದಿ ಬಂದ ಮಗನೋ ಮಗಳೋ ಕಾಲೇಜಿನಲ್ಲಿ ವಿಜ್ಞಾನದ ಅಧ್ಯಾಪಕರಾದ ಮೇಲೆ ಅವರ ಸಂಶೋಧನೆಗೆ ಆಸರೆ ಯಾರು? ಈ ಪ್ರಶ್ನೆಗೆ ಇತಿಹಾಸವು ಕೊಡುವ ಉತ್ತರವನ್ನು ಇಲ್ಲಿ ಸಂಕ್ಷೇಪವಾಗಿ ನಿವೇದಿಸುವೆವು.

೧೯೫೬ರ ವರೆಗೆ ನಮ್ಮ ಸೀಮೆಯು ಮುಂಬಯಿ ಆಡಳಿತಕ್ಕೆ ಒಳಪಟ್ಟಿದ್ದಿತು. ಪೇಶವೆಯರು ಪುಣೆಯಲ್ಲಿ ಬ್ರಾಹ್ಮಣ ಪಂಡಿತರಿಗೆ ಹಂಚುತ್ತಿದ್ದ ದಕ್ಷಿಣೆಯನ್ನು ಆಂಗ್ಲ ಸರಕಾರವು ೧೮೧೮ರ ತರುವಾಯ ಕೆಲಕಾಲ ನಡೆಯಿಸಿ, ಕ್ರಮೇಣ ಆ ದ್ರವ್ಯವನ್ನು ಹೊಸ ವಿದ್ಯೆಯ ಕಡೆಗೆ ತಿರುಗಿಸಿತು. ಹೀಗೆ ಹುಟ್ಟಿದ ‘ದಕ್ಷಿಣಾ ಫೆಲೋ’ ಪದವಿಯು ವಿಜ್ಞಾನಕ್ಕೇ ಮೀಸಲಾಗಿರಲಿಲ್ಲವಾದರೂ, ತರುಣ ಪದವೀಧರನು ವೇತನ ಪಡೆದು ಪಾಠ ಹೇಳುತ್ತ ತನ್ನ ವ್ಯಾಸಂಗವನ್ನು ಮುಂದುವರಿಸಲು ಅನುಕೂಲವಾಯಿತು. ರಾನಡೆ, ಭಾಂಡಾರಕರರಂಥವರು ಈ ಆಶ್ರಯವನ್ನು ಪಡೆದವರೇ.

ವಿಜ್ಞಾನಕ್ಕೆ ವೆಚ್ಚಮಾಡಿದ ಹಣದಿಂದ ಒಕ್ಕಲಿಗನಿಗೇನು ಲಾಭವೆಂದು ಕೇಳುವವರುಂಟು. ೧೯೨೯ರಲ್ಲಿ ಸ್ಥಾಪಿತವಾದ ಕೃಷಿ ಸಂಶೋಧನಾ ಪರಿಷತ್ತಿನ ಧನಸಹಾಯದಿಂದ ೧೯೩೩ರಲ್ಲಿ ವಿಜಾಪುರದಲ್ಲಿ ಒಣಬೇಸಾಯದ ಸಂಶೋಧನೆಯು ಆರಂಭವಾಯಿತು. ಒಡ್ಡು ಹಾಕಿ ನೀರನ್ನು ಹೊಲದಲ್ಲಿಯೇ ಇಂಗಿಸುವದು, ಸಾಲುಗಳ ಅಂತರವನ್ನು ಹೆಚ್ಚಿಸಿ ಕಡಿಮೆ ಬೀಜ ಬಿತ್ತುವದು ಮುಂತಾದ ಕ್ರಮಗಳು ಇಂಥ ಕೇಂದ್ರಗಳಲ್ಲಿಯೇ ಪರೀಕ್ಷಿತವಾದವು. ಬರವನ್ನುಂಡ ನಾಡಿಗೆ ಇದಕ್ಕಿಂತ ಬೇರೆ ಸಾಕ್ಷಿಯು ಬೇಕೆ?

ಸ್ವಾತಂತ್ರ್ಯಾನಂತರ ಈ ಆಶ್ರಯವು ವಿಸ್ತಾರಗೊಂಡಿತು. ೧೯೫೬ರ ಕಾಯಿದೆಯಿಂದ ವಿಶ್ವವಿದ್ಯಾಲಯ ಧನಸಹಾಯ ಆಯೋಗವು ಬಲಗೊಂಡಿತು. ೧೯೫೮ರಲ್ಲಿ ಮೊದಲು ಪ್ರದಾನವಾದ ಶಾಂತಿಸ್ವರೂಪ ಭಟನಾಗರ ಪಾರಿತೋಷಕವು ೪೫ ವರ್ಷದೊಳಗಿನವರಿಗೆ ಸಲ್ಲತಕ್ಕುದಾಯಿತು. ಬೆಂಗಳೂರಿನಲ್ಲಿ ಜನಿಸಿದ ಸಿ. ಎನ್. ಆರ್. ರಾವ್ ಅವರು ೧೯೬೮ರಲ್ಲಿ ಇದನ್ನು ಪಡೆದಾಗ ಇನ್ನೂ ತರುಣ ಪ್ರಾಧ್ಯಾಪಕರು. ಕರ್ನಾಟಕ ಸರಕಾರದ ವಿಜ್ಞಾನ ತಂತ್ರಜ್ಞಾನ ದಾರ್ಶನಿಕ ತಂಡವು ತರುಣ ವಿಜ್ಞಾನಿಗಳಿಗೆ ಬೀಜಧನವನ್ನು ಕೊಡುವ ಪದ್ಧತಿಯನ್ನು ಹಾಕಿತು. ೨೦೨೩ರ ಕಾಯಿದೆಯಿಂದ ರೂಪುಗೊಂಡ ಅನುಸಂಧಾನ ರಾಷ್ಟ್ರೀಯ ಸಂಶೋಧನಾ ಪ್ರತಿಷ್ಠಾನವು ೨೦೨೪ರಲ್ಲಿ ಹೊಸ ಅಧ್ಯಾಪಕರಿಗಾಗಿ ಮೂರು ವರ್ಷಗಳ ವಿಶೇಷ ಅನುದಾನವನ್ನು ಸಾರಿತು.

ಆದರೂ ಒಂದು ಮಾತನ್ನು ಮರೆಮಾಡಲಾಗದು. ಮಳೆಯು ಎಲ್ಲೆಡೆ ಸುರಿದರೂ ಕೆರೆಯಿದ್ದ ಊರಿಗೇ ನೀರು ನಿಲ್ಲುವದು. ಆಯೋಗದ ಕಾಯಿದೆಯ ೧೨(ಬಿ) ಕಲಮಿನ ಮನ್ನಣೆಯಿಲ್ಲದ ಕಾಲೇಜಿಗೆ ಆಯೋಗದ ಹಣವು ಬಾರದು. ವಾರಕ್ಕೆ ೧೬ ತಾಸು ಪಾಠ ಹೇಳುವ ಹಳ್ಳಿಗಾಡಿನ ಅಧ್ಯಾಪಕನು ಸುಸಜ್ಜಿತ ಪ್ರಯೋಗಾಲಯಗಳುಳ್ಳ ಮಹಾನಗರದವರೊಡನೆ ಸ್ಪರ್ಧಿಸಬೇಕಾಗುವದು. ಅರ್ಜಿಯನ್ನು ಬರೆಯಲು ಬಿಡುವಿಲ್ಲದವನಿಗೆ ಅನುದಾನವಿದ್ದರೂ ಇಲ್ಲದಂತೆಯೇ ಸರಿ.

ವಿಜಾಪುರದ ವಿದ್ಯಾವರ್ಧಕ ಸಂಸ್ಥೆಯು ೧೯೧೦ರಲ್ಲಿ ಹುಟ್ಟಿದಾಗ ಫ. ಗು. ಹಳಕಟ್ಟಿಯವರಂಥ ಹಿರಿಯರು ಸರಕಾರದ ದಾರಿಯನ್ನು ಕಾಯುತ್ತ ಕುಳಿತಿರಲಿಲ್ಲ. ಅಂತೆಯೇ ನಮ್ಮ ಕಾಲೇಜುಗಳ ಚಾಲಕರು ತರುಣ ಅಧ್ಯಾಪಕನಿಗೆ ಮೊದಲು ಒಂದು ಕೋಣೆ, ಕೆಲವು ಉಪಕರಣ, ದಿನಕ್ಕೆರಡು ತಾಸಿನ ಬಿಡುವು ಇಷ್ಟನ್ನಾದರೂ ದೊರಕಿಸಿಕೊಡಲಿ. ಕಾಯಕಕ್ಕೆ ಸಲಕರಣೆಯನ್ನು ಒದಗಿಸುವದೂ ದಾಸೋಹವೇ. ಹೀಗೆ ಕೆರೆಯನ್ನು ಕಟ್ಟಿಕೊಂಡರೆ ಸರಕಾರದ ಮಳೆಯು ನಮ್ಮ ನೆಲದಲ್ಲಿಯೂ ನಿಂತೀತು. ಇತ್ಯಲಂ.