ಕಾಸರಕ: ಮದ್ದೂ ಹೌದು, ನಂಜೂ ಹೌದು

ಕಾಸರಗೋಡು ಎಂಬ ಹೆಸರಿನ ನಿಷ್ಪತ್ತಿಯನ್ನು ಕುರಿತು ಎರಡು ಅಭಿಪ್ರಾಯಗಳು ಬಹುಕಾಲದಿಂದ ಪ್ರಚಾರದಲ್ಲಿವೆ. 'ಕಾಸಾರ'ವೆಂದರೆ ಸರೋವರ, ಆ ಸಂಸ್ಕೃತ ಶಬ್ದದಿಂದ ಹೆಸರು ಬಂದಿತೆಂಬುದು ಒಂದು ಪಕ್ಷ. ಕಾಸರಕದ ಮರಗಳು ಇಲ್ಲಿ ಹೇರಳವಾಗಿದ್ದ ಕಾರಣ ಆ ಹೆಸರು ನಿಂತಿತೆಂಬುದು ಇನ್ನೊಂದು ಪಕ್ಷ. ಎರಡನೆಯದಕ್ಕೆ ನೆರೆಭಾಷೆಯ ಬೆಂಬಲವೊಂದುಂಟು. ಕನ್ನಡದ ಕಾಸರಕವನ್ನು ಮಲಯಾಳದಲ್ಲಿ ಕಾಞ್ಞಿರವೆನ್ನುತ್ತಾರೆ. ಆ ಭಾಷೆಯಲ್ಲಿ ಊರ ಹೆಸರಿಗೆ ಕಾಞ್ಞಿರಕ್ಕೋಡ್ ಎಂಬ ರೂಪವೂ ಇದೆ. ತುಳುವಿನ ಕಾಯೆರ್, ತಮಿಳಿನ ಕಾಂಜಿರೈ ಎಂಬುವೂ ಈ ಮರದ ಹೆಸರುಗಳೇ. ಒಂದೇ ಬೇರಿನಿಂದ ಒಡೆದ ಚಿಗುರುಗಳಂತೆ ಈ ನಾಲ್ಕು ಶಬ್ದಗಳೂ ಒಂದನ್ನೊಂದು ಹೋಲುತ್ತವೆ. ಮೂರು ಭಾಷೆಗಳು ಬೆರೆತು ಬಾಳುವ ನಮ್ಮ ಗಡಿನಾಡಿನಲ್ಲಿ ಮೂವರೂ ತಮ್ಮ ತಮ್ಮ ಮಾತಿನಲ್ಲಿ ಗುರುತಿಸಿಕೊಂಡ ಮರವಿದು.

ಊರಿಗೆ ಹೆಸರಿತ್ತಿತೆನ್ನಲಾದ ಈ ಮರವನ್ನು ಇಂದಿನ ವಿದ್ಯಾರ್ಥಿಗಳಲ್ಲಿ ಎಷ್ಟು ಮಂದಿ ನೋಡಿದೊಡನೆ ಗುರುತಿಸಬಲ್ಲರು? ಈ ಪ್ರಶ್ನೆ ಕೇವಲ ಸ್ಥಳಪುರಾಣದ ಕುತೂಹಲದ್ದಲ್ಲ; ಪ್ರಾಣಕ್ಕೆ ಸಂಬಂಧಿಸಿದುದು. ಅದೇಕೆಂಬುದು ಮುಂದೆ ತಿಳಿದುಬರುವುದು.

ಕಾಸರಕವು ಮಧ್ಯಮ ಗಾತ್ರದ ಮರ. ಎಲೆಗಳು ಹೊಳಪುಳ್ಳವು, ಎರಡೆರಡಾಗಿ ಎದುರುಬದುರಾಗಿ ಕೂಡಿರತಕ್ಕವು. ಬುಡದಿಂದಲೇ ಹೊರಟ ಮೂರರಿಂದ ಐದು ನರಗಳು ಎಲೆಯ ಉದ್ದಕ್ಕೂ ಸಾಗುತ್ತವೆ. ಹಣ್ಣು ದುಂಡಗೆ, ಕಿತ್ತಳೆಯ ಬಣ್ಣದ್ದು. ಒಳಗಿನ ಲೋಳೆಯಲ್ಲಿ ಚಪ್ಪಟೆಯಾದ, ನಾಣ್ಯದಂತೆ ದುಂಡಾದ, ಬೂದುಬಣ್ಣದ ರೇಶ್ಮೆಗೂದಲಿನಿಂದ ಮುಚ್ಚಿದ ಬೀಜಗಳಿರುತ್ತವೆ. ಮಂಗಟ್ಟೆ ಹಕ್ಕಿಗಳು ಈ ಹಣ್ಣನ್ನು ನುಂಗಿಯೂ ಸಾಯುವುದಿಲ್ಲ. ವಿಷವು ಮುಖ್ಯವಾಗಿ ಬೀಜದಲ್ಲಿದೆ, ಬೀಜದ ಸಿಪ್ಪೆ ಬಹು ಗಟ್ಟಿ, ಅದು ಒಡೆಯದೆ ಹೊರಬೀಳುತ್ತದೆ. ಹಕ್ಕಿ ತಿಂದ ಹಣ್ಣು ಮನುಷ್ಯನಿಗೂ ನಿರಪಾಯವೆಂಬ ಹಳ್ಳಿಯ ತರ್ಕ ಇಲ್ಲಿ ಸಲ್ಲದು.

ಆಯುರ್ವೇದದಲ್ಲಿ ಇದಕ್ಕೆ ಕಾರಸ್ಕರ, ಕುಪೀಲು, ವಿಷತಿಂದುಕ, ವಿಷಮುಷ್ಟಿ ಎಂಬ ಹೆಸರುಗಳಿವೆ. ಹೆಸರಿನಲ್ಲೇ 'ವಿಷ'ವನ್ನಿಟ್ಟು ಪೂರ್ವಿಕರು ನಮ್ಮನ್ನು ಎಚ್ಚರಿಸಿರುವರು. ಆದರೂ ಅವರು ಅದನ್ನು ಬಿಟ್ಟುಬಿಡಲಿಲ್ಲ. ವಾತರೋಗ, ಕೀಲುನೋವು, ಅಗ್ನಿಮಾಂದ್ಯಗಳಿಗೆ ಅಗ್ನಿತುಂಡಿ ವಟಿ, ವಿಷತಿಂದುಕ ವಟಿ ಮೊದಲಾದ ಔಷಧಗಳಲ್ಲಿ ಅದನ್ನು ಬಳಸಿದರು. ಆದರೆ ಬೀಜವನ್ನು ಹಾಗೆಯೇ ಅರೆದು ಕೊಟ್ಟವರಲ್ಲ. ಗೋಮೂತ್ರದಲ್ಲಿ ದಿನಗಟ್ಟಲೆ ನೆನೆಸಿ, ಹಾಲಿನಲ್ಲಿ ಬೇಯಿಸಿ, ಸಿಪ್ಪೆಯನ್ನೂ ಒಳಗಿನ ಮೊಳಕೆಯನ್ನೂ ತೆಗೆದು, ತುಪ್ಪದಲ್ಲಿ ಹುರಿದು, ಆ ಬಳಿಕ ಪುಡಿಮಾಡುವ ಕ್ರಮಗಳನ್ನು 'ಶೋಧನ'ವೆಂದು ವಿಧಿಸಿದರು. ಇಂದಿನ ರಸಾಯನಶಾಸ್ತ್ರಜ್ಞರು ಪರೀಕ್ಷಿಸಿದಾಗ, ಇಂತಹ ಸಂಸ್ಕಾರದಿಂದ ವಿಷದ್ರವ್ಯದ ಪ್ರಮಾಣ ತಗ್ಗುವುದೂ ಅದರ ಒಂದಂಶ ಬೇರೆ ರೂಪಕ್ಕೆ ಮಾರ್ಪಡುವುದೂ ಕಂಡುಬಂದಿದೆ. ತಗ್ಗುತ್ತದೆಯೇ ಹೊರತು ಇಲ್ಲವಾಗುವುದಿಲ್ಲ. ಶೋಧಿಸಿದ ಬೀಜವೂ ಪ್ರಮಾಣ ಮೀರಿದರೆ ನಂಜೇ.

ನಮ್ಮ ಈ ಕಾಡುಮರ ಚೀನದೇಶದ ವೈದ್ಯಶಾಸ್ತ್ರದಲ್ಲಿಯೂ ಸ್ಥಾನ ಪಡೆದಿರುವುದು ಬಹುಮಂದಿಗೆ ತಿಳಿದಿರಲಾರದು. ಚೀನೀ ವೈದ್ಯಪಂಡಿತನಾದ ಲೀ ಷಿಝೆನ್ ಎಂಬವನು 1578ರಲ್ಲಿ ಮುಗಿಸಿದ 'ಬೆನ್‌ಚಾವೋ ಗಾಂಗ್‌ಮು' ಎಂಬ ಬೃಹತ್ ಮೂಲಿಕಾಗ್ರಂಥವು 1596ರಲ್ಲಿ ಅಚ್ಚಾಯಿತು. ಅದರಲ್ಲಿ ಈ ಬೀಜಕ್ಕೆ 'ಫಾನ್ ಮುಬಿಯೆ' ಎಂಬ ಹೆಸರಿದೆ. 'ಫಾನ್' ಎಂದರೆ ಪರದೇಶದ್ದು. ಮುಸಲ್ಮಾನರ ನಾಡಿನಲ್ಲಿ ಇದು ಬೆಳೆಯುವುದೆಂದು ಅವನು ಬರೆದಿರುವನು. ಹೊರಗಿನಿಂದ ಬಂದ ಮದ್ದೆಂಬ ತಿಳಿವಳಿಕೆ ಅವನಿಗಿತ್ತೆಂಬುದು ಸ್ಪಷ್ಟ. ಮುಂದೆ ಆ ದೇಶದಲ್ಲಿ 'ಮಾಚಿಯಾನ್‌ಜಿ' ಎಂಬ ಹೆಸರು ರೂಢಿಗೆ ಬಂದಿತು. ಕುದುರೆಯ ನಾಣ್ಯದ ಬೀಜವೆಂದು ಅದರ ಅರ್ಥ. ನೋವು, ಬಾವು, ಮೂಳೆಯ ಪೆಟ್ಟು, ಸಂಧಿವಾತಗಳಿಗೆ ಅಲ್ಲಿಯ ವೈದ್ಯರು ಇದನ್ನು ಇಂದಿಗೂ ಬಳಸುತ್ತಾರೆ. ಕಾಯ್ದ ಮರಳಿನಲ್ಲಿ ಬೀಜವನ್ನು ಉಬ್ಬುವವರೆಗೆ ಹುರಿಯುವುದು ಅವರ ಶೋಧನಕ್ರಮ.

ಇಲ್ಲಿ ಒಂದು ಸಂಗತಿ ವಿಶೇಷವಾಗಿ ಗಮನಾರ್ಹ. ಲೀ ಷಿಝೆನ್ ಮಹಾಪಂಡಿತ; ಮೂಲಿಕೆಗಳ ಪರಿಶೀಲನೆಗಾಗಿ ಸುಮಾರು ಮೂರು ದಶಕಗಳನ್ನು ಕಳೆದವನು. ಆದರೂ ಈ ಬೀಜವನ್ನು ಕುರಿತು ಬರೆಯುವಾಗ ರುಚಿ ಕಹಿ, ಗುಣ ಶೀತ, 'ವಿಷವಿಲ್ಲ' ಎಂದು ದಾಖಲಿಸಿದನು. ಅದರ ಜೊತೆಗೇ, ಇದು ನಾಯಿಯನ್ನು ಕೊಲ್ಲಬಲ್ಲುದೆಂದು ಕೆಲವರು ಹೇಳುವರೆಂಬುದನ್ನೂ ಬರೆದಿಟ್ಟನು. ಗ್ರಂಥದ ಮಾತೊಂದು, ಲೋಕದ ಅನುಭವವೊಂದು. ಎರಡೂ ಒಂದೇ ಪುಟದಲ್ಲಿವೆ. ಅನಂತರದ ಅನುಭವವು ಎರಡನೆಯದನ್ನೇ ಎತ್ತಿಹಿಡಿಯಿತು. ಈಗಿನ ಚೀನೀ ಔಷಧಸಂಹಿತೆಯು ಇದನ್ನು 'ಮಹಾವಿಷ'ವೆಂಬ ವರ್ಗದಲ್ಲಿ ಸೇರಿಸಿದೆ. 1988ರಲ್ಲಿ ಅಲ್ಲಿಯ ಸರಕಾರವು ವಿಷೌಷಧಗಳ ನಿಯಂತ್ರಣಕ್ಕಾಗಿ ಹೊರಡಿಸಿದ ನಿಯಮಗಳಲ್ಲಿ ಶೋಧಿಸದ ಈ ಬೀಜದ ಹೆಸರೂ ಇದೆ. ಪುರಾತನ ಗ್ರಂಥದಲ್ಲಿದೆ ಎಂಬ ಒಂದೇ ಕಾರಣಕ್ಕೆ ಯಾವ ಮದ್ದನ್ನೂ ನಿರಪಾಯವೆಂದು ನಂಬಲಾಗದೆಂಬ ಪಾಠ ಚೀನಕ್ಕೆ ಮಾತ್ರ ಮೀಸಲಾದುದಲ್ಲ.

ಪಾಶ್ಚಾತ್ಯರು ಈ ಮರವನ್ನು ಅರಿತುದು ನಮ್ಮ ಕರಾವಳಿಯ ಮೂಲಕ. ಡಚ್ಚರ ಕೊಚ್ಚಿಯ ಅಧಿಪತಿಯಾಗಿದ್ದ ಹೆಂಡ್ರಿಕ್ ವಾನ್ ರೇಡೆ ಸಿದ್ಧಗೊಳಿಸಿದ 'ಹೊರ್ತುಸ್ ಮಲಬಾರಿಕುಸ್' ಎಂಬ ಗ್ರಂಥವು 1678ರಿಂದ 1693ರವರೆಗೆ ಆಮ್‌ಸ್ಟರ್‌ಡಾಮಿನಲ್ಲಿ 12 ಸಂಪುಟಗಳಾಗಿ ಪ್ರಕಟವಾಯಿತು. ಅದರ ಮೊದಲ ಸಂಪುಟದಲ್ಲಿಯೇ 'ಕನಿರಾಂ' ಎಂಬ ಹೆಸರಿನಲ್ಲಿ ಕಾಸರಕದ ಚಿತ್ರವೂ ವರ್ಣನೆಯೂ ಇವೆ. ಆ ಗ್ರಂಥಕ್ಕೆ ನೆರವಾದವರಲ್ಲಿ ಇಟ್ಟಿ ಅಚ್ಯುತನ್ ಎಂಬ ಈಳವ ವೈದ್ಯನೂ, ರಂಗ ಭಟ್ಟ, ವಿನಾಯಕ ಪಂಡಿತ, ಅಪ್ಪು ಭಟ್ಟ ಎಂಬ ಮೂವರು ಕೊಂಕಣಿ ವೈದ್ಯರೂ ಇದ್ದರು. 1753ರಲ್ಲಿ ಲಿನ್ನೇಯಸನು ಇದಕ್ಕೆ 'ಸ್ಟ್ರಿಕ್ನೊಸ್ ನಕ್ಸ್‌ವೊಮಿಕ' ಎಂದು ಶಾಸ್ತ್ರೀಯ ನಾಮಕರಣ ಮಾಡಿದನು. 'ನಕ್ಸ್ ವೊಮಿಕ' ಎಂದರೆ ವಾಂತಿಯ ಕಾಯಿ. ಹೆಸರು ತಪ್ಪುದಾರಿ ಹಿಡಿಸತಕ್ಕದ್ದು. ಇದನ್ನು ತಿಂದವನು ವಾಂತಿಮಾಡಿ ಪಾರಾಗುವನೆಂದು ನೆಚ್ಚುವಂತಿಲ್ಲ.

ಮದ್ದಿನ ಒಳಗುಟ್ಟು ಹೊರಬಿದ್ದುದು ಫ್ರಾನ್ಸಿನಲ್ಲಿ. 1809ರಲ್ಲಿ ಮಜಾಂಡಿ ಎಂಬ ವಿಜ್ಞಾನಿಯು ಇದೇ ಕುಲದ ಜಾವಾ ದ್ವೀಪದ ವಿಷವೊಂದನ್ನು ಪರೀಕ್ಷಿಸಿ, ಅದು ಬೆನ್ನುಹುರಿಯ ಮೇಲೆ ಪರಿಣಾಮ ಬೀರುವುದೆಂದು ತೋರಿಸಿದನು. 1818ರಲ್ಲಿ ಪೆಲ್ಟಿಯೆ ಮತ್ತು ಕವಾಂತು ಎಂಬವರು ಸ್ಟ್ರಿಕ್ನಿನ್ ಎಂಬ ಕ್ಷಾರಾಭವನ್ನೂ ಮರುವರ್ಷ ಬ್ರೂಸಿನ್ ಎಂಬುದನ್ನೂ ಬೇರ್ಪಡಿಸಿದರು. ಮಲೇರಿಯಕ್ಕೆ ಮದ್ದಾದ ಕ್ವಿನೈನನ್ನು 1820ರಲ್ಲಿ ಬೇರ್ಪಡಿಸಿದವರೂ ಇವರೇ. ಸ್ಟ್ರಿಕ್ನಿನ್ನಿನ ಅಣುರಚನೆ ಎಷ್ಟು ಜಟಿಲವಾಗಿತ್ತೆಂದರೆ, ಅದನ್ನು ಬಿಡಿಸಲು ರಾಬರ್ಟ್ ರಾಬಿನ್‌ಸನ್ನರಿಗೆ 1946ರವರೆಗೆ ಕಾಯಬೇಕಾಯಿತು. 1954ರಲ್ಲಿ ವುಡ್‌ವರ್ಡ್ ಎಂಬ ಅಮೆರಿಕದ ವಿಜ್ಞಾನಿ ಪ್ರಯೋಗಶಾಲೆಯಲ್ಲಿ ಅದನ್ನು ನಿರ್ಮಿಸಿದರು.

ಬೇರ್ಪಡಿಸಿದ ವಿಷವನ್ನು ಐರೋಪ್ಯರು ಇಲಿ, ನಾಯಿಗಳನ್ನು ಕೊಲ್ಲಲೂ ಬಳಸಿದರು. ಬಲವರ್ಧಕವೆಂದು ಮನುಷ್ಯರಿಗೂ ಕುಡಿಸಿದರು! ಕಬ್ಬಿಣ, ಕ್ವಿನೈನ್, ಸ್ಟ್ರಿಕ್ನಿನ್ ಸೇರಿದ 'ಈಸ್ಟನ್ ಸಿರಪ್' ಎಂಬ ಟಾನಿಕ್ ದೀರ್ಘಕಾಲ ಬಳಕೆಯಲ್ಲಿತ್ತು. 1904ರ ಸೇಂಟ್ ಲೂಯಿ ಒಲಿಂಪಿಕ್ ಕ್ರೀಡೆಯಲ್ಲಿ ಮ್ಯಾರಥಾನ್ ಗೆದ್ದ ಥಾಮಸ್ ಹಿಕ್ಸನಿಗೆ ಓಟದ ನಡುವೆ ಮೊಟ್ಟೆಯ ಬಿಳಿ, ಬ್ರಾಂದಿಗಳೊಡನೆ ಸ್ಟ್ರಿಕ್ನಿನ್ ಕೊಡಲಾಗಿತ್ತು. ಗುರಿಮುಟ್ಟಿದ ಆತ ಕುಸಿದುಬಿದ್ದನು. ಶಕ್ತಿಯೆಂದು ಜನ ಭ್ರಮಿಸಿದುದು ವಾಸ್ತವವಾಗಿ ನರಗಳ ಉದ್ರೇಕವಷ್ಟೆ. ಇಂದಿನ ಪಾಶ್ಚಾತ್ಯ ವೈದ್ಯವು ಇದನ್ನು ಔಷಧವೆಂದು ಪರಿಗಣಿಸುವುದಿಲ್ಲ.

ಈ ವಿಷದ ಕಾರ್ಯವಿಧಾನವನ್ನು ಸರಳವಾಗಿ ಹೀಗೆ ವಿವರಿಸಬಹುದು. ನಾವು ತೋಳನ್ನು ಮಡಿಸುವಾಗ ಒಂದು ಸ್ನಾಯು ಬಿಗಿಯಬೇಕು, ಅದರ ಎದುರಿನದು ಸಡಿಲಬೇಕು. ಹಾಗೆ ಸಡಿಲವಾಗಲು ಬೆನ್ನುಹುರಿಯಲ್ಲಿ ಗ್ಲೈಸಿನ್ ಎಂಬ ದ್ರವ್ಯವು ತಡೆಯಾಜ್ಞೆಯನ್ನು ಒಯ್ಯುತ್ತದೆ. ಸ್ಟ್ರಿಕ್ನಿನ್ ಆ ಆಜ್ಞೆಯನ್ನು ಮುಟ್ಟಗೊಡದು. ಆಗ ಮೈಯ ಸ್ನಾಯುಗಳೆಲ್ಲ ಏಕಕಾಲಕ್ಕೆ ಸೆಟೆಯುತ್ತವೆ. ದವಡೆ ಕಚ್ಚಿಕೊಳ್ಳುತ್ತದೆ, ಬೆನ್ನು ಬಿಲ್ಲಿನಂತೆ ಬಾಗುತ್ತದೆ, ಸಣ್ಣ ಸದ್ದಿಗೂ ಸ್ಪರ್ಶಕ್ಕೂ ಸೆಳೆತ ಮರುಕಳಿಸುತ್ತದೆ. ರೋಗಿಗೆ ಬಹುಮಟ್ಟಿಗೆ ಎಚ್ಚರ ತಪ್ಪುವುದಿಲ್ಲವೆಂಬುದೇ ಅತ್ಯಂತ ದಾರುಣ. ಕೊನೆಗೆ ಉಸಿರಾಟದ ಸ್ನಾಯುಗಳು ಬಿಗಿದು ಮರಣ ಸಂಭವಿಸಬಹುದು. ಇದಕ್ಕೆ ನಿರ್ದಿಷ್ಟವಾದ ಪ್ರತಿವಿಷವಿಲ್ಲ. ಸೆಳೆತ ತಡೆಯುವ ಔಷಧವೂ ಕೃತಕ ಉಸಿರಾಟವೂ ಇರುವ ಆಸ್ಪತ್ರೆಗೆ ಬೇಗನೆ ತಲಪಿಸಿದರೆ ಬದುಕಿಸಿಕೊಳ್ಳಲು ಸಾಧ್ಯ. ಮನೆಯಲ್ಲಿ ವಾಂತಿ ಮಾಡಿಸಲು ಯತ್ನಿಸುತ್ತ ಕಾಲ ಕಳೆಯಬಾರದು. ಆ ಯತ್ನವೇ ಸೆಳೆತವನ್ನು ಕೆರಳಿಸಬಹುದು.

ಇಷ್ಟನ್ನೆಲ್ಲ ಹೇಳಿದ ಕಾರಣ ಈಗ ಸ್ಪಷ್ಟಪಡಿಸಬೇಕು. ಆಟಿ ಅಮಾವಾಸ್ಯೆಯ ದಿನ ಬರಿಹೊಟ್ಟೆಯಲ್ಲಿ ಹಾಲೆಮರದ ತೊಗಟೆಯ ಕಷಾಯ ಕುಡಿಯುವುದು ತುಳುನಾಡಿನ ಪುರಾತನ ಪದ್ಧತಿ. ಬಾಯಾರು, ಪೈವಳಿಕೆಗಳ ಗುಡ್ಡಬದಿಯ ಮನೆಗಳಿಗೆ ಇದನ್ನು ವಿವರಿಸಬೇಕಾಗಿಲ್ಲ. ಸೂರ್ಯೋದಯಕ್ಕೆ ಮುನ್ನ ಹೋಗಿ, ಕಬ್ಬಿಣ ತಾಗಿಸದೆ ಕಲ್ಲಿನಿಂದ ಜಜ್ಜಿ ತೊಗಟೆ ತಂದು, ಓಮ, ಬೆಳ್ಳುಳ್ಳಿ, ಕರಿಮೆಣಸುಗಳನ್ನು ಸೇರಿಸಿ ಅರೆದು, ಕಾಯಿಸಿದ ಬೆಣಚುಕಲ್ಲನ್ನು ಅದ್ದಿ ಕುಡಿಯುವರು. ಮೇಲಿಂದ ಮೆಂತೆಯ ಗಂಜಿ ಉಣ್ಣುವರು. ತುಳುವಿನಲ್ಲಿ ಪಾಲೆ, ಸಂಸ್ಕೃತದಲ್ಲಿ ಸಪ್ತಪರ್ಣಿ ಎನಿಸಿದ ಆ ಮರ ಬೇರೆ, ಕಾಸರಕ ಬೇರೆ. ಆದರೆ ಎರಡೂ ಒಂದೇ ಗುಡ್ಡದಲ್ಲಿ ಬೆಳೆಯುತ್ತವೆ, ಎರಡರ ತೊಗಟೆಯೂ ಕಹಿ. ಆಟಿಯ ಮಳೆಯ ಕತ್ತಲಲ್ಲಿ, ಮರದ ಪರಿಚಯವಿಲ್ಲದವರು ಒಂದನ್ನು ಇನ್ನೊಂದೆಂದು ತಿಳಿದು ತೊಗಟೆ ಕೆತ್ತಿದರೆ ಮದ್ದಿನ ಬಟ್ಟಲಿಗೆ ಬೀಳುವುದು ನಂಜು. ಕಾಸರಕದ ತೊಗಟೆಯಲ್ಲಿಯೂ ಅದೇ ವಿಷದ್ರವ್ಯಗಳಿವೆ. ಕಹಿಯೇ ಗುರುತೆಂದು ನಂಬಿದವರಿಗೆ ನಾಲಗೆಯೂ ಎಚ್ಚರಿಕೆ ಕೊಡಲಾರದು.

ಹಿಂದಿನವರು ತಪ್ಪುತ್ತಿರಲಿಲ್ಲವೇಕೆ? ದನ ಮೇಯಿಸಲು, ಸೊಪ್ಪು ತರಲು, ಸೌದೆ ಕಡಿಯಲು ನಿತ್ಯವೂ ಗುಡ್ಡ ಹತ್ತುತ್ತಿದ್ದವರಿಗೆ ಪ್ರತಿ ಮರವೂ ನೆರೆಯವನಂತೆ ಪರಿಚಿತವಾಗಿತ್ತು. ಆಚರಣೆ ಇಂದಿಗೂ ಉಳಿದಿದೆ, ಪರಿಚಯ ಅಳಿಯುತ್ತಿದೆ. ಅಪಾಯವಿರುವುದು ಆಚರಣೆಯಲ್ಲಲ್ಲ, ಈ ಅಂತರದಲ್ಲಿ.

ಗುರುತು ಕಷ್ಟದ್ದೇನೂ ಅಲ್ಲ. ಹಾಲೆಮರದಲ್ಲಿ ನಾಲ್ಕರಿಂದ ಏಳು ಎಲೆಗಳು ಒಂದೇ ಗಂಟಿನ ಸುತ್ತ ಚಕ್ರದಂತೆ ಹರಡಿರುತ್ತವೆ. ಕಾಸರಕದಲ್ಲಿ ಎಲೆಗಳು ಎರಡೆರಡೇ. ಹಾಲೆಯ ತೊಗಟೆಯನ್ನು ಗೀರಿದರೆ ಬಿಳಿಯ ಹಾಲು ಒಸರುತ್ತದೆ; ಕಾಸರಕದಲ್ಲಿ ಹಾಲಿಲ್ಲ. ಹಾಲುಸುರಿಸುವ ಬೇರೆ ಮರಗಳೂ ಇರುವುದರಿಂದ ಹಾಲೊಂದನ್ನೇ ನೆಚ್ಚದೆ, ಎಲೆಯ ಜೋಡಣೆಯನ್ನೂ ನೋಡಬೇಕು. ಎಲೆ ಕಾಣದ ಕತ್ತಲಲ್ಲಿ ಹುಡುಕುವುದಕ್ಕಿಂತ, ಬಲ್ಲವರೊಡನೆ ಹಿಂದಿನ ದಿನದ ಹಗಲಿನಲ್ಲೇ ಹೋಗಿ ಮರವನ್ನು ಗೊತ್ತುಮಾಡಿಟ್ಟು ಬರುವುದು ಮೇಲು. ಸಂದೇಹವಿದ್ದರೆ ಆ ವರ್ಷ ಕುಡಿಯದಿರುವುದರಿಂದ ಯಾವ ಹಾನಿಯೂ ಇಲ್ಲ.

ಔಷಧದ ವಿಷಯದಲ್ಲಿಯೂ ಇದೇ ವಿವೇಕ ಸಲ್ಲುತ್ತದೆ. ನಮ್ಮ ದೇಶದ ಔಷಧ ನಿಯಮಾವಳಿಯ ವಿಷದ್ರವ್ಯಗಳ ಪಟ್ಟಿಯಲ್ಲಿ ಕಾಸರಕದ ಬೀಜವಿದೆ. ಅದು ಸೇರಿದ ಆಯುರ್ವೇದ ಔಷಧದ ಚೀಟಿಯ ಮೇಲೆ, ವೈದ್ಯರ ಮೇಲ್ವಿಚಾರಣೆಯಲ್ಲಿ ಮಾತ್ರ ಸೇವಿಸಬೇಕೆಂಬ ಎಚ್ಚರಿಕೆ ಇರಬೇಕೆಂದು ವಿಧಿಸಲಾಗಿದೆ. ಆ ಚೀಟಿಯನ್ನು ಓದುವ ಅಭ್ಯಾಸವನ್ನೂ ಮಕ್ಕಳಿಗೆ ಕಲಿಸತಕ್ಕದ್ದು.

ಅಧ್ಯಾಪಕ ಬಂಧುಗಳಲ್ಲಿ ಒಂದು ವಿಜ್ಞಾಪನೆ. ಆಟಿ ತಿಂಗಳು ಬರುವುದಕ್ಕೆ ಮೊದಲು ಒಂದು ಅಪರಾಹ್ನ ಮಕ್ಕಳನ್ನು ಶಾಲೆಯ ಹಿಂದಿನ ಗುಡ್ಡಕ್ಕೆ ಕರೆದೊಯ್ದು ಈ ಎರಡು ಮರಗಳನ್ನು ಅಕ್ಕಪಕ್ಕದಲ್ಲಿ ತೋರಿಸಬೇಕು. ಕನ್ನಡ, ತುಳು, ಮಲಯಾಳ ಮೂರರಲ್ಲಿಯೂ ಅವುಗಳ ಹೆಸರನ್ನು ಹೇಳಿಸಬೇಕು. ಊರಿನ ಹೆಸರಿನ ಚರ್ಚೆ ಪಂಡಿತರಲ್ಲಿ ಮುಂದುವರಿಯಲಿ; ಮರದ ಗುರುತು ಮಾತ್ರ ನಮ್ಮ ಮಕ್ಕಳಲ್ಲಿ ಉಳಿಯಲಿ.